ಹಸಿರು ತರುವ ಜಗಳ

ಇಂಚರಾಳ ಎಡಗೈಗೆ ಸರ್ಕಾರದವರು ಕಡಗ ತೊಡಿಸಿದ ದಿನದಿಂದ ಮನೆಗೆ ಬಂದವರೆಲ್ಲ ಅವಳ ಮುಖ ನೋಡುವುದನ್ನು ಬಿಟ್ಟು ಕೈ ನೋಡತೊಡಗಿದರು. ಹದಿನಾರು ವರ್ಷದ ಹುಡುಗಿಗೆ ಇದಕ್ಕಿಂತ ಸಿಟ್ಟು ತರಿಸುವ ಸಂಗತಿ ಬೇರೊಂದಿಲ್ಲ. ಊಟ ಆಯಿತೇ, ಕಾಲೇಜಿನಲ್ಲಿ ಏನು ನಡೆಯಿತು ಎಂದು ಕೇಳುವವರೇ ಇಲ್ಲ. ಬರುವುದು, ಬಗ್ಗಿ ಮಣಿಕಟ್ಟು ನೋಡುವುದು, ‘ಹಳದಿ ಐತಲ್ಲವಾ, ಪಾಪ’ ಎನ್ನುವುದು, ಅಜ್ಜಿ ಕೊಟ್ಟ ಚಹಾ ಕುಡಿದು ಹೋಗುವುದು. ಆ ‘ಪಾಪ’ ಕಿವಿಗೆ ಬಿದ್ದ ಕೂಡಲೇ ಹಳದಿ ಇದ್ದದ್ದು ಕೆಂಪಿಗೆ ತಿರುಗುತ್ತಿತ್ತು.

ಕಡಗ ತೊಡಿಸುವ ಯೋಜನೆಯ ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಗದಗಿನಿಂದ ಬೆಟಗೇರಿ ಮುಟ್ಟಬಹುದಿತ್ತು, ಅಷ್ಟು ಉದ್ದ. ಗುಣವಾಗದ ಕಾಯಿಲೆಯ ತಂದೆಯೋ ತಾಯಿಯೋ ಮನೆಯಲ್ಲಿದ್ದರೆ ಹದಿಹರೆಯದ ಮಕ್ಕಳ ಮನಸ್ಸಿಗೆ ಪೆಟ್ಟು ಬೀಳುತ್ತದೆ, ಆ ಪೆಟ್ಟು ಮುಂದೆ ಇಪ್ಪತ್ತು ವರ್ಷ ಕಾಡುತ್ತದೆ ಎಂದು ಯಾರೋ ದೊಡ್ಡವರು ಅಧ್ಯಯನ ಮಾಡಿ ಹೇಳಿದ್ದರು. ಹೇಳಿದ್ದು ಸುಳ್ಳೂ ಇರಲಿಕ್ಕಿಲ್ಲ. ಅದಕ್ಕೆ ಮದ್ದು ಎಂದು ಬಂದದ್ದು ಈ ಕಡಗ. ಅದರ ಒಳಮೈ ಹತ್ತು ನಿಮಿಷಕ್ಕೊಮ್ಮೆ ಬೆವರಿನ ರುಚಿ ನೋಡುತ್ತಿತ್ತು. ಬೆವರಿನಲ್ಲಿ ಸಂಕಟದ ಹಾರ್ಮೋನು ಎಷ್ಟಿದೆ, ನಾಡಿ ಹೇಗಿದೆ, ಉಸಿರು ಗಿಡ್ಡವೋ ಉದ್ದವೋ, ಮಾತನಾಡುವಾಗ ದನಿ ನಡುಗುತ್ತದೆಯೋ, ಎಲ್ಲ ಕೂಡಿಸಿ ಒಂದು ಬಣ್ಣ ತೋರಿಸುತ್ತಿತ್ತು. ಹಸಿರು ಎಂದರೆ ಆರಾಮ. ಹಳದಿ ಎಂದರೆ ಜೋಕೆ. ಕೆಂಪು ಎಂದರೆ ಮಗು ತಡೆದುಕೊಳ್ಳಲಾರದಷ್ಟು ಸಂಕಟದಲ್ಲಿದೆ. ರಾತ್ರಿ ಎಂಟು ಗಂಟೆಗೆ ಇಡೀ ದಿನದ ಬಣ್ಣ ತೀರ್ಮಾನವಾಗಿ ಜಿಲ್ಲಾ ಮನೋರಕ್ಷಾ ಕೇಂದ್ರಕ್ಕೆ ಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಯೋಜನೆಗೆ ಒಂದು ಬಾಲ ಇತ್ತು. ಮೂರು ದಿನ ಒಂದರ ಹಿಂದೊಂದು ಕೆಂಪು ಬಂದರೆ ರೋಗಿಯನ್ನು ಮನೆಯಿಂದ ಆರೈಕೆ ಧಾಮಕ್ಕೆ ಸಾಗಿಸಬೇಕು. ಧಾಮ ಇದ್ದದ್ದು ಊರಾಚೆ ನಲವತ್ತು ಕಿಲೋಮೀಟರ್ ದೂರದಲ್ಲಿ. ಮಕ್ಕಳಿಗೆ ಭಾನುವಾರ ಒಂದು ಗಂಟೆ ಭೇಟಿ, ಅದೂ ಗಾಜಿನ ಕೋಣೆಯಲ್ಲಿ.

ಈ ನಿಯಮವನ್ನು ಇಂಚರಾಳಿಗೆ ಹೇಳಿದವನು ಅವಳ ಅಪ್ಪ ಮಹಾಂತೇಶ. ಗುಡ್ಡದ ಮೇಲಿನ ಗಾಳಿಯಂತ್ರಗಳ ದುರಸ್ತಿ ಮಾಡುವವನು. ನೂರಾ ಇಪ್ಪತ್ತು ಮೀಟರ್ ಎತ್ತರಕ್ಕೆ ಹಗ್ಗ ಕಟ್ಟಿಕೊಂಡು ನಿರ್ಭಯವಾಗಿ ಹತ್ತುವ ಮನುಷ್ಯ ಮನೆಯೊಳಗೆ ಎರಡು ಮಾತು ಆಡಲು ಹೆದರುತ್ತಿದ್ದ. ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಮುಖ ಕಾಣದ ಹಾಗೆ ರಸ್ತೆ ನೋಡುತ್ತ ಹೇಳಿದ. ಅವ್ವನಿಗೆ ಈ ಮಾತು ಗೊತ್ತಾಗಬಾರದು ಎಂದ. ‘ಎಲ್ಲಾ ನಿನ್ನ ಕೈಯಾಗ ಐತಿ ನೋಡವಾ’ ಎಂದು ಧೈರ್ಯ ಬೇರೆ ತುಂಬಿದ. ಅಂದರೆ ಅವ್ವ ತನ್ನ ಮನೆಯಲ್ಲಿ, ತನ್ನ ಮಂಚದ ಮೇಲೆ ಸಾಯಬೇಕಾದರೆ ಮಗಳಿಗೆ ದುಃಖ ಆಗಕೂಡದು. ಯಾವ ಬುದ್ಧಿವಂತ ಮಾಡಿದ ನಿಯಮವೋ ಏನೋ.

ಅವ್ವನ ಹೆಸರು ಶಾಂತಲಾ. ಹೆಸರಷ್ಟೇ. ಹತ್ತೊಂಬತ್ತು ವರ್ಷ ಗದಗ-ಲಕ್ಷ್ಮೇಶ್ವರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಬಸ್ಸುಗಳು ಡ್ರೈವರ್ ಇಲ್ಲದೆ ಓಡತೊಡಗಿ ಎಂಟು ವರ್ಷವಾಗಿತ್ತು, ಟಿಕೆಟ್ಟನ್ನು ಬಾಗಿಲೇ ಕೊಡುತ್ತಿತ್ತು. ಆದರೆ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದವನಿಗೂ ಬಾಗಿಲಿನಿಂದ ಮೊದಲು ಹತ್ತಿದವನಿಗೂ ನಡುವಿನ ಜಗಳ ಬಗೆಹರಿಸುವ ಯಂತ್ರವನ್ನು ಯಾವ ಮಗನೂ ಕಂಡುಹಿಡಿದಿರಲಿಲ್ಲ. ಹಾಗಾಗಿ ಕಂಡಕ್ಟರ್ ಕೆಲಸ ಉಳಿದುಕೊಂಡಿತ್ತು. ಶಾಂತಲಾಳ ದನಿ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವನನ್ನೂ ಎಬ್ಬಿಸುತ್ತಿತ್ತು. ಬೇಸಿಗೆಯಲ್ಲಿ ಹೊಟ್ಟೆನೋವು ಎಂದು ಆಸ್ಪತ್ರೆಗೆ ಹೋದಳು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಆಗಲೇ ಯಕೃತ್ತಿಗೆ ಹರಡಿತ್ತು. ವಿಜ್ಞಾನ ಎಷ್ಟು ಮುಂದುವರಿದರೇನು, ಕೆಲವು ರೋಗಗಳು ಅದಕ್ಕಿಂತ ಎರಡು ಹೆಜ್ಜೆ ಮುಂದೆಯೇ ಇರುತ್ತವೆ. ನಾಲ್ಕು ತಿಂಗಳು ಎಂದರು. ಮನೆಯಲ್ಲೇ ಇರುತ್ತೇನೆ ಎಂದು ಅವಳು ಹಟ ಹಿಡಿದಳು. ನೋವಿಗೆ ತೋಳಿನ ಮೇಲೆ ಔಷಧಿಯ ಪಟ್ಟಿ ಅಂಟಿಸಿ ಕಳಿಸಿದರು.

ಕಡಗ ತೊಡಿಸಿದವಳು ಕೇಂದ್ರದ ಎಂಜಿನಿಯರ್ ಶಾಹೀನ್ ಕಿತ್ತೂರ. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಕಡಗವನ್ನು ಕೀಲಿ ಹಾಕಿ ಬಿಗಿದಳು. ಅದನ್ನು ತೆಗೆದರೆ ಆ ದಿನವೂ ಕೆಂಪೆಂದೇ ದಾಖಲಾಗುತ್ತದೆ ಎಂದು ಎಚ್ಚರಿಸಿದಳು. ಇನ್ನು ದಿನಾ ಸಂಜೆ ಆರಕ್ಕೆ ಕಡಗದೊಳಗಿಂದ ಒಂದು ಹೆಣ್ಣು ದನಿ, ವಾರ್ತೆ ಓದುವವರ ಕನ್ನಡದಲ್ಲಿ, ‘ಇಂಚರಾ, ಇಂದು ನಿನ್ನ ಮನಸ್ಸಿನ ಹವಾಮಾನ ಹೇಗಿದೆ?’ ಎಂದು ಕೇಳುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಮನೆಯವರು ಹಸಿರು ತರಿಸಲು ಪಟ್ಟ ಪಾಡು ಒಂದೆರಡಲ್ಲ. ಅಪ್ಪನ ತಾಯಿ, ಅಂದರೆ ಅಜ್ಜಿ, ಬೆಳಗೆದ್ದು ನಗೆಹನಿ ಹೇಳಲು ಕಲಿತಳು. ಅರ್ಧ ಹೇಳಿ ಉಳಿದರ್ಧ ಮರೆತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪ ದಿನಾ ಮಿರ್ಚಿ ಭಜಿ ತಂದ. ಕಾಲೇಜಿನಲ್ಲಿ ಮೇಷ್ಟ್ರು ಇಂಚರಾಳೊಬ್ಬಳನ್ನು ಹೋಮ್‌ವರ್ಕ್ ಕೇಳುವುದನ್ನು ಬಿಟ್ಟರು. ಗೆಳತಿಯರು ಅವಳು ಬಂದ ಕೂಡಲೇ ನಗುವುದನ್ನು ನಿಲ್ಲಿಸಿದರು. ಅವ್ವನ ಕೋಣೆಯಲ್ಲಂತೂ ಎಲ್ಲರೂ ಪಿಸುಮಾತಿನಲ್ಲಿ ಮಾತನಾಡುತ್ತಿದ್ದರು. ಶಾಂತಲಾ ಏನೇ ಹೇಳಲಿ, ಹೂಂ. ಗಂಜಿ ಬೇಡ ಎಂದರೂ ಹೂಂ, ಬೇಕು ಎಂದರೂ ಹೂಂ. ಮೊದಲ ವಾರದಲ್ಲೇ ಎರಡು ದಿನ ಸತತ ಕೆಂಪು ಬಂತು.

ಮೂರನೆಯ ದಿನ ಸಂಜೆ ನಾಲ್ಕಾದರೂ ಕಡಗ ಕೆಂಪಾಗಿಯೇ ಇತ್ತು. ಇಂಚರಾ ಅವ್ವನ ಕೋಣೆಗೆ ಹೋಗಿ, ಕೇಂದ್ರದವರು ಕೊಟ್ಟ ಪುಸ್ತಕದಲ್ಲಿ ಹೇಳಿದ ಹಾಗೆ ದೀರ್ಘ ಉಸಿರು ಎಳೆಯುತ್ತ ಕೂತಿದ್ದಳು. ಮಂಚದ ಮೇಲೆ ಹಸಿ ಟವೆಲ್ ಬಿದ್ದಿತ್ತು. ಅದನ್ನು ಅಲ್ಲಿ ಎಸೆದವರು ಯಾರು ಎಂದು ಶಾಂತಲಾ ಕೇಳಿದಳು. ಮೂರು ದಿನದಿಂದ ಎಲ್ಲವನ್ನೂ ನುಂಗಿಕೊಂಡಿದ್ದ ಹುಡುಗಿಗೆ ತಲೆ ಚಿಟ್ಟು ಹಿಡಿದುಹೋಯಿತು. ನಾನೇ ಎಸೆದದ್ದು, ಹಗ್ಗದ ತುಂಬ ಅಜ್ಜಿಯ ಸೀರೆಗಳಿವೆ, ಎಲ್ಲಿ ಹಾಕಲಿ, ತಲೆ ಮೇಲೆ ಹಾಕಿಕೊಳ್ಳಲೇ ಎಂದು ಕೂಗಿದಳು. ಹಗ್ಗ ಇಪ್ಪತ್ತು ವರ್ಷದಿಂದ ಅಲ್ಲೇ ಇದೆ, ನಿನಗೆ ಮಾತ್ರ ಕಾಣುವುದಿಲ್ಲ ಎಂದಳು ತಾಯಿ. ಮಾತು ಟವೆಲ್ಲಿನಿಂದ ಕೂದಲಿಗೆ ಹೋಯಿತು, ಕೂದಲಿನಿಂದ ಫೋನಿಗೆ, ಫೋನಿನಿಂದ ಕೆಮಿಸ್ಟ್ರಿಯಲ್ಲಿ ಬಂದ ಮೂವತ್ತೆಂಟು ಅಂಕಕ್ಕೆ, ಅಲ್ಲಿಂದ ಏಳನೆಯ ತರಗತಿಯಲ್ಲಿ ಯಾರದೋ ಮದುವೆಗೆ ಹೊಸ ಚಪ್ಪಲಿ ಕೊಡಿಸದೇ ಇದ್ದದ್ದಕ್ಕೆ. ಇಪ್ಪತ್ತೈದು ನಿಮಿಷ. ಅಜ್ಜಿ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಜಗಳ ಮುಗಿಸಿ ಧುಮುಧುಮು ಹೊರಗೆ ಬಂದ ಇಂಚರಾ ಕೈ ನೋಡಿಕೊಂಡಳು. ಕಡಗ ಹಸಿರಾಗಿತ್ತು, ಬೆಳೆದು ನಿಂತ ಜೋಳದ ಹೊಲದಷ್ಟು ಹಸಿರು.

ವಿಜ್ಞಾನದ ವಿದ್ಯಾರ್ಥಿನಿ ಅಲ್ಲವೇ, ಸುಮ್ಮನೆ ಬಿಡಲಿಲ್ಲ. ಫಿಸಿಕ್ಸ್ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಪ್ರಯೋಗ ಶುರು ಮಾಡಿದಳು. ಅಜ್ಜಿಯ ಜೊತೆ ಜಗಳ ಮಾಡಿದರೆ ಅವಳು ಎರಡನೇ ಮಾತಿಗೇ ಅಳುತ್ತಾಳೆ, ಹಳದಿ. ಅಪ್ಪನ ಜೊತೆ ಜಗಳ ಆಗುವುದೇ ಇಲ್ಲ, ಅವನು ಎದ್ದು ಭಜಿ ತರಲು ಹೋಗುತ್ತಾನೆ. ಗೆಳತಿಯ ಜೊತೆ ಜಗಳ ಮಾಡಿದರೆ ಕೆಂಪು, ಅದೂ ಇಡೀ ದಿನ. ಅವ್ವನ ಜೊತೆ ಜಗಳ ಮಾಡಿದರೆ ಮಾತ್ರ ಹಸಿರು, ಪ್ರತಿ ಸಲವೂ. ಬೆಳಿಗ್ಗೆ ಒಂದು, ಸಂಜೆ ಒಂದು ಜಗಳ ಬಿದ್ದರೆ ದಿನ ದಾಟುತ್ತದೆ. ಇಂಚರಾ ತೀರ್ಮಾನಕ್ಕೆ ಬಂದಳು: ಈ ದಡ್ಡ ಯಂತ್ರ ಸಿಟ್ಟನ್ನು ಆರೋಗ್ಯ ಎಂದು ತಿಳಿದುಕೊಂಡಿದೆ. ಅದರ ಹೊಟ್ಟೆಗೆ ದಿನಾ ಎರಡು ಹೊತ್ತು ಸಿಟ್ಟು ಹಾಕಿದರೆ ಅವ್ವ ಮನೆಯಲ್ಲೇ ಉಳಿಯುತ್ತಾಳೆ.

ಮುಂದಿನ ಎರಡೂವರೆ ತಿಂಗಳು ಆ ಮನೆಯಲ್ಲಿ ನಡೆದ ಜಗಳಗಳಿಗೆ ಓಣಿಯವರು ಕಿವಿ ಮುಚ್ಚಿಕೊಂಡರು. ಉಪ್ಪು ಹೆಚ್ಚಾಯಿತೆಂದು, ಫ್ಯಾನು ಜೋರಾಯಿತೆಂದು, ಜಡೆ ಸೊಟ್ಟಗಾಯಿತೆಂದು. ಶಾಂತಲಾ ದಿಂಬಿಗೊರಗಿ ಕೂತು, ಬಸ್ಸಿನಲ್ಲಿ ಉಚಿತ ಪ್ರಯಾಣಕ್ಕೆ ವಾದ ಮಾಡುವವರನ್ನು ಇಳಿಸುತ್ತಿದ್ದ ಉತ್ಸಾಹದಲ್ಲೇ ಮಗಳನ್ನು ಇಳಿಸುತ್ತಿದ್ದಳು. ಆದರೆ ದಿನ ಕಳೆದಂತೆ ಅವಳ ಕೆನ್ನೆ ಒಳಗೆ ಹೋಯಿತು, ಒಂದು ವಾಕ್ಯಕ್ಕೆ ಎರಡು ಸಲ ಉಸಿರು ಬೇಕಾಯಿತು. ಒಂದು ಸಂಜೆ ಜಗಳದ ನಡುವೆಯೇ ವಾಂತಿ ಮಾಡಿಕೊಂಡಳು. ಅಜ್ಜಿ ತಾಟು ಹಿಡಿದು, ತಿರುಗಿ ಮೊಮ್ಮಗಳಿಗೆ, ಸಾಯುವ ತಾಯಿಯ ಜೀವ ತಿನ್ನುತ್ತೀಯಲ್ಲ, ನಿನ್ನ ಬಾಯಲ್ಲಿ ಹುಳ ಬೀಳಲಿ ಎಂದು ಶಪಿಸಿದಳು. ಇಂಚರಾ ತುಟಿ ಕಚ್ಚಿಕೊಂಡು ಹಿತ್ತಲಿಗೆ ಹೋದಳು. ಯಾರಿಗಾಗಿ ಈ ಪಾಡು ಎಂದು ಅವ್ವನ ಎದುರು ಹೇಳುವ ಹಾಗಿಲ್ಲ, ಹೇಳದೆ ಇದ್ದರೆ ಪಾಪಿ. ಅಳುವ ಹಾಗೂ ಇಲ್ಲ, ಅತ್ತರೆ ಕೈಯಲ್ಲಿರುವುದು ಊರಿಗೆಲ್ಲ ಹೇಳುತ್ತದೆ. ಆ ದಿನ ಅವಳಿಗೆ ಅವ್ವನ ಮೇಲೂ ಸಿಟ್ಟು ಬಂತು. ಸಾಯುವುದಾದರೆ ಬೇಗ ಸತ್ತು ಹೋಗಬಾರದೇ ಎಂದು ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದಕ್ಕೆ ತನಗೆ ತಾನೇ ಕಪಾಳಕ್ಕೆ ಹೊಡೆದುಕೊಂಡಳು.

ಹೀಗಿರುವಾಗ ಕೇಂದ್ರದಿಂದ ಕರೆ ಬಂತು. ಜಿಲ್ಲೆಯ ಮುನ್ನೂರಾ ನಲವತ್ತು ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಹಸಿರು ಇಂಚರಾಳದ್ದಂತೆ. ಹೇಗೆ ನಿಭಾಯಿಸುತ್ತಿದ್ದಾಳೆ ಎಂದು ತಿಳಿದುಕೊಂಡು ಉಳಿದ ಮಕ್ಕಳಿಗೆ ಪಾಠ ಮಾಡಬೇಕಂತೆ. ಕಳ್ಳನನ್ನು ಕರೆದು ಹಾರ ಹಾಕಿದ ಹಾಗಾಯಿತು.

ಕೇಂದ್ರದ ಎರಡನೆಯ ಮಹಡಿಯ ಕೋಣೆಯಲ್ಲಿ ಒಂದು ಗೋಡೆಯ ತುಂಬ ಪರದೆ. ಅದರ ಮೇಲೆ ಜಿಲ್ಲೆಯ ನಕ್ಷೆ, ಮುನ್ನೂರಾ ನಲವತ್ತು ಚುಕ್ಕೆಗಳು, ಒಂದೊಂದರ ಕೆಳಗೆ ಒಂದು ಸಂಖ್ಯೆ. ಇಂಚರಾ ನೋಡುತ್ತ ನಿಂತಾಗಲೇ ರೋಣದ ಕಡೆಯ ಒಂದು ಚುಕ್ಕೆ ಹಳದಿಯಿಂದ ಕೆಂಪಾಯಿತು. ಅಲ್ಲಿ ಯಾರ ಮನೆಯಲ್ಲಿ ಏನಾಯಿತೋ. ಇಷ್ಟೊಂದು ಜನ ತನ್ನಂಥವರು ಇದ್ದಾರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವರಲ್ಲಿ ಒಬ್ಬರ ಜೊತೆ ಹತ್ತು ನಿಮಿಷ ಕೂರಿಸಿದ್ದರೆ ಸಾಕಿತ್ತು, ಅದನ್ನು ಬಿಟ್ಟು ಹವಾಮಾನ ಕೇಳುತ್ತಾರೆ.

ಶಾಹೀನ್ ಅವಳಿಗೆ ಕುರ್ಚಿ ಕೊಟ್ಟು, ದಿನಾ ಬೆಳಿಗ್ಗೆ ಏಳಕ್ಕೆ ಮತ್ತು ಸಂಜೆ ನಾಲ್ಕರ ಸುಮಾರಿಗೆ ನೀನು ಏನು ಮಾಡುತ್ತೀ, ಆಗಲೇ ಬಣ್ಣ ತಿರುಗುತ್ತದೆ ಎಂದು ಕೇಳಿದಳು. ಪ್ರಾಣಾಯಾಮವೇ, ದೇವರ ನಾಮವೇ? ಇಂಚರಾ ಸುಳ್ಳು ಹೇಳಬೇಕೆಂದೇ ಬಂದಿದ್ದಳು. ಆದರೆ ಆ ಪ್ರಾಣಾಯಾಮದ ಮಾತು ಕೇಳಿ ತಡೆಯಲಾಗಲಿಲ್ಲ. ಅವ್ವನ ಜೊತೆ ಜಗಳ ಮಾಡುತ್ತೇನೆ, ನಿಮ್ಮ ಯಂತ್ರಕ್ಕೆ ಸಿಟ್ಟು ಯಾವುದು ಸಮಾಧಾನ ಯಾವುದು ಗೊತ್ತಾಗುವುದಿಲ್ಲ, ಎಂಬತ್ತು ದಿನದಿಂದ ಅದಕ್ಕೆ ಮಣ್ಣು ಮುಕ್ಕಿಸಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಈಗ ಬೇಕಾದರೆ ಸರಿಪಡಿಸಿಕೊಳ್ಳಿ ಎಂದೂ ಸೇರಿಸಿದಳು.

ಶಾಹೀನ್ ನಗಲಿಲ್ಲ, ಬೈಯಲಿಲ್ಲ. ಪರದೆಯ ಮೇಲೆ ಒಂದು ಗೆರೆ ತೆಗೆದಳು. ಇದು ಸಿಟ್ಟಿನ ಗೆರೆ ಎಂದು ತೋರಿಸಿದಳು. ಮೇಲೆ ಏರಿದ್ದು ಒಂದು ಗಂಟೆಯಾದರೂ ಇಳಿಯುವುದಿಲ್ಲ, ಉಸಿರು ಗಿಡ್ಡವಾಗಿಯೇ ಇರುತ್ತದೆ. ಇಂಚರಾ ಗೆಳತಿಯ ಜೊತೆ ಜಗಳವಾಡಿದ ದಿನದ್ದೇ ಅದು. ಆಮೇಲೆ ಅವ್ವನ ಜೊತೆಗಿನ ಜಗಳದ ಗೆರೆ ತೆಗೆದಳು. ಮೊದಲ ಒಂದು ನಿಮಿಷ ಏರಿ, ಮುಂದೆ ಮೆಲ್ಲಗೆ ಇಳಿದು, ಕೊನೆಗೆ ಸಮನಾಗಿ ಹರಿದಿತ್ತು. ಅದರ ಪಕ್ಕಕ್ಕೆ ಮೂರನೆಯದೊಂದು ಗೆರೆ ತಂದಿಟ್ಟಳು. ಯಾವ ಕಾಯಿಲೆಯೂ ಇಲ್ಲದ ಮನೆಗಳ ಮಕ್ಕಳು, ಸಂಜೆ ಮನೆಯವರ ಜೊತೆ ಹರಟುತ್ತ ಕೂತಾಗ ತೆಗೆದದ್ದು. ಎರಡೂ ಅಕ್ಕತಂಗಿಯರ ಹಾಗಿದ್ದವು.

"ಯಂತ್ರ ಮೋಸ ಹೋಗಿಲ್ಲ ನೋಡವಾ. ಆ ಹೊತ್ತಿನಾಗ ನೀ ಖರೇನ ಆರಾಮ ಇದ್ದಿ."

ಇಂಚರಾಳಿಗೆ ಹೇಳಲಾರದಷ್ಟು ಸಿಟ್ಟು ಬಂತು. ಇಷ್ಟು ದಿನ ತಾನು ಒಂದು ಕಷ್ಟದ ಕೆಲಸ ಮಾಡುತ್ತಿದ್ದೇನೆ, ಬೈಗುಳ ತಿಂದು, ಶಾಪ ತಿಂದು ಅವ್ವನನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಈಗ ನೋಡಿದರೆ ಅದೇ ತನ್ನ ಇಡೀ ದಿನದ ಸುಖ. ಅವ್ವ ಬೈಯುತ್ತಿರುವಷ್ಟು ಹೊತ್ತು ಅವ್ವನಿಗೆ ಕಾಯಿಲೆಯೇ ಇರಲಿಲ್ಲ. ಹಾಗಾದರೆ ಅವಳಿಗೆ ಬೈಯಲು ಆಗದೇ ಹೋದ ದಿನ? ಕಡಗ ಅಲ್ಲೇ, ಎಂಜಿನಿಯರ್ ಕಣ್ಣೆದುರೇ ಕೆಂಪಾಯಿತು. ಶಾಹೀನ್ ನೋಡಿದಳು. ‘ಪಾಪ’ ಎನ್ನಲಿಲ್ಲ, ಅಷ್ಟು ಪುಣ್ಯ ಕಟ್ಟಿಕೊಂಡಳು. ಎಷ್ಟು ಸಂಕಟವಾದರೆ ಕೆಂಪು ಎಂಬ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಯಾವ ಮಕ್ಕಳನ್ನು ಕೇಳಿದಿರಿ ಎಂದು ಇಂಚರಾ ಕೇಳಿದಳು. ಏಳು ಜನರ ಸಮಿತಿ ತೀರ್ಮಾನ ಮಾಡಿದ್ದು, ಅದರಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಐವತ್ತೆರಡು ವಯಸ್ಸು ಎಂದು ಶಾಹೀನ್ ಒಪ್ಪಿಕೊಂಡಳು.

ಮನೆಗೆ ಬಂದಾಗ ನರ್ಸ್ ಬಂದು ಅವ್ವನ ತೋಳಿಗೆ ಇನ್ನೂ ದೊಡ್ಡ ಪಟ್ಟಿ ಅಂಟಿಸಿ ಹೋಗಿದ್ದಳು. ಶಾಂತಲಾ ಕಣ್ಣು ಅರ್ಧ ತೆರೆದು ಮಲಗಿದ್ದಳು. ನಾಲ್ಕು ಗಂಟೆಯಾಗಿತ್ತು. ಇಂಚರಾ ತನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕಲ್ಲನ್ನೇ ಎಸೆದಳು. ಮಗಳು ಎಂಜಿನಿಯರ್ ಆಗಬೇಕು, ಡ್ರೈವರ್ ಇಲ್ಲದ ಬಸ್ಸನ್ನು ಸರಿಯಾಗಿ ಬ್ರೇಕ್ ಹಾಕಲು ಕಲಿಸಬೇಕು ಎನ್ನುವುದು ಶಾಂತಲಾಳ ಆಸೆಯಾಗಿತ್ತು.

"ಅವ್ವಾ, ನಾ ಸೈನ್ಸ್ ಬಿಟ್ಟು ಕಾಮರ್ಸ್ ತಗೋತೀನಿ."

"ಆತವಾ. ನಿನ್ನ ಮನಸ್ಸಿಗೆ ಬಂದಂಗ ಮಾಡು."

ಹದಿನಾರು ವರ್ಷದಲ್ಲಿ ಈ ಮಾತನ್ನು ಇಂಚರಾ ಒಮ್ಮೆಯೂ ಕೇಳಿರಲಿಲ್ಲ. ಆ ದಿನದ ಬಣ್ಣ ಕೆಂಪು.

ಮರುದಿನ ಜಡೆ ಕತ್ತರಿಸಿಕೊಂಡು ಬರುತ್ತೇನೆ ಎಂದಳು. ಚಲೋ ಕಾಣುತ್ತದೆ ಎಂದಳು ಶಾಂತಲಾ. ಹಾಲು ಉಕ್ಕಿಸಿದೆ ಎಂದಳು. ಹೋಗಲಿ ಬಿಡು. ಕೆಮಿಸ್ಟ್ರಿ ಪರೀಕ್ಷೆಗೆ ಹೋಗುವುದೇ ಇಲ್ಲ ಎಂದಳು. ಶಾಂತಲಾ ಮಗಳ ಕೈ ಸವರಿ, ಮಲಗು, ದಣಿದಿದ್ದೀ ಎಂದಳು. ಆಗ ಇಂಚರಾಳ ಕಟ್ಟೆ ಒಡೆಯಿತು. ಮಂಚದ ಪಟ್ಟಿಗೆ ಹಣೆ ಹಚ್ಚಿ ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು, ಮೂರು ಕೆಂಪಿನ ನಿಯಮ, ಧಾಮ, ಗಾಜಿನ ಕೋಣೆ, ಫಿಸಿಕ್ಸ್ ನೋಟ್‌ಬುಕ್ಕು, ಇವತ್ತಿಗೆ ಎರಡನೆಯ ಕೆಂಪು ಎನ್ನುವುದು. ಜಗಳ ಮಾಡವ್ವಾ, ಇಲ್ಲಾ ಅಂದರೆ ನಿನ್ನನ್ನು ಒಯ್ಯುತ್ತಾರೆ ಎಂದು ಬೇಡಿಕೊಂಡಳು.

ಶಾಂತಲಾ ಮೊದಲು ಗಂಡನನ್ನು ಕರೆಸಿದಳು. ಉಸಿರು ಸಾಲದ ದನಿಯಲ್ಲೇ, ಗಾಳಿಯಂತ್ರ ಹತ್ತಲು ಹೆದರದ ಗಂಡಸಿಗೆ ಹೆಂಡತಿಗೆ ಒಂದು ಮಾತು ಹೇಳಲು ಕಾಲು ನಡುಗಿದವೇ, ಮಗುವಿನ ತಲೆ ಮೇಲೆ ಇಷ್ಟು ದೊಡ್ಡ ಗಂಟು ಹೊರಿಸಿದೆಯಲ್ಲ ಎಂದು ಕೇಳಿದಳು. ಮಹಾಂತೇಶ ತಲೆ ತಗ್ಗಿಸಿ ನಿಂತ. ಅವನು ಹೋದ ಮೇಲೆ ಮಗಳ ಕಡೆ ತಿರುಗಿದಳು.

"ಹುಚ್ಚಿ, ನೀ ನಾಟಕ ಮಾಡಿದ್ರೂ ನನಗ ಚಲೋ ಆತು. ಈ ಮನ್ಯಾಗ ಎಲ್ಲಾರೂ ನನ್ನ ಜೋಡಿ ಹೆಣದ ಜೋಡಿ ಮಾತಾಡಿದಂಗ ಮಾತಾಡ್ತಾರ. ಜೀವ ಇದ್ದಾಕಿ ಜೋಡಿ ಮಾತಾಡಿದಂಗ ಮಾತಾಡಿದಾಕಿ ನೀ ಒಬ್ಬಾಕಿ."

ಮೂರನೆಯ ದಿನ ತಾಯಿಮಗಳು ಇಬ್ಬರೂ ಕೂಡಿ ಪ್ರಯತ್ನ ಮಾಡಿದರು. ಶಾಂತಲಾ ಬೆಳಿಗ್ಗೆಯೇ ದಿಂಬು ಏರಿಸಿಕೊಂಡು ಕೂತು, ನಿನ್ನ ಜಡೆ ಏನು ಅವತಾರ ಎಂದು ಶುರು ಮಾಡಿದಳು. ನಿನಗೇನು ಎಂದಳು ಇಂಚರಾ. ಮುಂದಿನ ಮಾತು ಇಬ್ಬರಿಗೂ ತೋಚಲಿಲ್ಲ. ಮೊದಲೇ ಮಾತಾಡಿಕೊಂಡು ಆಡುವ ಜಗಳ ಜಗಳವೇ ಅಲ್ಲ. ಮಧ್ಯಾಹ್ನ ಇನ್ನೊಮ್ಮೆ ನೋಡಿದರು, ಸಂಜೆ ಮತ್ತೊಮ್ಮೆ. ಶಾಂತಲಾ ಬೈಗುಳದ ನಡುವೆ ನಿದ್ದೆ ಹೋದಳು. ಯಂತ್ರ ಮೋಸ ಹೋಗುವುದಿಲ್ಲ ಎಂದು ಎಂಜಿನಿಯರ್ ಹೇಳಿದ್ದು ಸುಳ್ಳಾಗಿರಲಿಲ್ಲ. ಎಂಟು ಗಂಟೆಗೆ ಕಡಗ ಮೂರನೆಯ ಕೆಂಪನ್ನು ಕಳಿಸಿತು. ಕಳಿಸಿ, ನಾಳೆ ಬೆಳಿಗ್ಗೆ ನಿಮ್ಮ ಕುಟುಂಬಕ್ಕೆ ನೆರವಿನ ತಂಡ ಬರಲಿದೆ ಎಂದು ವಾರ್ತೆಯ ಕನ್ನಡದಲ್ಲಿ ತಿಳಿಸಿತು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಬಿಳಿ ವ್ಯಾನು ಬಂತು. ಇಬ್ಬರು ಸಹಾಯಕರು ಸ್ಟ್ರೆಚರ್ ಇಳಿಸಿದರು. ಅವರ ಹಿಂದೆ ಶಾಹೀನ್, ಕೈಯಲ್ಲಿದ್ದ ಸಣ್ಣ ಪರದೆಯ ಮೇಲೆ ತುಂಬಬೇಕಾದ ನಮೂನೆ. ಓಣಿಯವರು ಬಾಗಿಲಲ್ಲಿ ಸೇರಿದರು. ಅಜ್ಜಿ ಗೊಳೋ ಎಂದು ಅತ್ತಳು. ಮಹಾಂತೇಶ ಕೋಣೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತ. ಒಯ್ಯಬೇಡಿ ಎಂಬ ಒಂದೇ ಮಾತನ್ನು ಮೂರು ಸಲ ಹೇಳಿದ. ಶಾಹೀನ್ ನಿಯಮ ಓದಲು ಶುರು ಮಾಡಿದಳು. ಅಪ್ರಾಪ್ತ ವಯಸ್ಕರ ಹಿತದೃಷ್ಟಿಯಿಂದ ಎಂಬಲ್ಲಿಗೆ ಬಂದಾಗ ಇಂಚರಾ ಅಪ್ಪನ ತೋಳಿನ ಕೆಳಗಿಂದ ನುಸುಳಿ ಹೊರಗೆ ಬಂದು ಕಡಗದ ಕೈಯನ್ನು ಅವಳ ಮುಖದ ಹತ್ತಿರ ಹಿಡಿದಳು.

"ಕೆಂಪ ಐತ್ರೀ, ನೋಡ್ರಿ. ನಮ್ಮವ್ವ ಹೊಂಟಾಳ. ಇವತ್ತ ಹಸಿರು ಬರಬೇಕೇನು? ಹಸಿರು ಬಂದಿದ್ರ ನಿಮ್ಮ ಯಂತ್ರ ಕೆಟ್ಟೈತಿ ಅಂತಿದ್ದೆ. ನನಗ ದುಃಖ ಆಗೇತಿ, ಆಗಲಿ ಬಿಡ್ರಿ. ಆಕಿ ಮಗ್ಗಲದಾಗ ಕುಂತು ಅಳತೀನಿ. ಆಕಿನ್ನ ಒಯ್ದ ಮ್ಯಾಲೆ ಎಲ್ಲಿ ಕುಂತು ಅಳಲಿ?"

ಶಾಹೀನ್ ನಮೂನೆಯನ್ನು ಕೆಳಗೆ ಇಳಿಸಿದಳು. ಆ ಹುಡುಗಿಯ ಕೈಯನ್ನು ಹಿಡಿದು ಕಡಗವನ್ನು ತಿರುಗಿಸಿ ಮುರುಗಿಸಿ ನೋಡಿದಳು, ಹೊಸದಾಗಿ ನೋಡುವವಳ ಹಾಗೆ. ಆಮೇಲೆ ಜೇಬಿನಿಂದ ಕೀಲಿ ತೆಗೆದು ಅದನ್ನು ಬಿಚ್ಚಿದಳು. ನಮೂನೆಯಲ್ಲಿ ರೋಗಿಯ ಸ್ಥಳಾಂತರ ಎಂಬ ಪುಟವನ್ನು ಮುಚ್ಚಿ, ಉಪಕರಣ ದೋಷ ಎಂಬ ಪುಟ ತೆರೆದಳು. ದೋಷದ ವಿವರ ಎಂಬ ಕಡೆ ನಿಂತುಕೊಂಡೇ ಬರೆದಳು. ಹೆಗಲ ಮೇಲಿಂದ ಇಣುಕಿದ ಇಂಚರಾಳಿಗೆ ಅದು ಕಾಣಿಸಿತು: ದುಃಖವನ್ನು ಕಾಯಿಲೆ ಎಂದು ಓದುತ್ತಿದೆ.

ಕೆಟ್ಟ ಕಡಗವನ್ನು ಬೆಂಗಳೂರಿಗೆ ಕಳಿಸಬೇಕು, ಹೊಸದು ಬರಲು ಹನ್ನೆರಡು ದಿನ ಬೇಕು, ಅಲ್ಲಿಯವರೆಗೆ ಈ ಮನೆಯ ಚುಕ್ಕೆ ಪರದೆಯ ಮೇಲೆ ಇರುವುದಿಲ್ಲ ಎಂದು ಅವಳು ಮಹಾಂತೇಶನಿಗೆ ವಿವರಿಸಿದಳು. ಸರ್ಕಾರಿ ಕೆಲಸ, ಹದಿನೈದು ದಿನವೂ ಆಗಬಹುದು ಎಂದು ಸೇರಿಸಿದಳು. ಅವಳ ಕೆಲಸಕ್ಕೆ ಇದರಿಂದ ಕುತ್ತು ಬಂತೋ ಇಲ್ಲವೋ ಆ ಮನೆಯವರಿಗೆ ತಿಳಿಯಲಿಲ್ಲ. ಸಹಾಯಕರು ಸ್ಟ್ರೆಚರನ್ನು ಮಡಚಿ ವ್ಯಾನಿನೊಳಗೆ ಇಟ್ಟರು.

ಆಮೇಲಿನ ದಿನಗಳಲ್ಲಿ ಇಂಚರಾ ಮನಸಾರೆ ಅತ್ತಳು. ಚಹಾ ಕುಡಿಯುವಾಗ, ಹಲ್ಲು ತಿಕ್ಕುವಾಗ, ಅವ್ವನ ಕಾಲಿಗೆ ಎಣ್ಣೆ ಹಚ್ಚುವಾಗ, ಕಾರಣವಿದ್ದಾಗ, ಇಲ್ಲದಾಗ. ಅಪ್ಪನೂ ಒಮ್ಮೆ ಬಂದು ಪಕ್ಕದಲ್ಲಿ ಕೂತು ಅತ್ತ. ಅಜ್ಜಿ ಸುಮ್ಮನಿರಿಸಲು ಬಂದರೆ ಶಾಂತಲಾ ಕೈ ಅಲ್ಲಾಡಿಸಿ ದೂರ ಕಳಿಸುತ್ತಿದ್ದಳು. ಕಾಲೇಜಿನ ಗೆಳತಿಯೊಬ್ಬಳು ಬಂದಳು, ಇಬ್ಬರೂ ಅವ್ವನ ಮಂಚದ ಪಕ್ಕದಲ್ಲೇ ಯಾವುದೋ ಮೇಷ್ಟ್ರ ಸುದ್ದಿ ಹೇಳಿಕೊಂಡು ನಕ್ಕರು. ನಕ್ಕಿದ್ದಕ್ಕೂ ಯಾರೂ ಲೆಕ್ಕ ಕೇಳಲಿಲ್ಲ.

ಶಾಂತಲಾ ಎಂಟನೆಯ ದಿನ ಬೆಳಿಗ್ಗೆ ಹೋದಳು, ತನ್ನ ಮಂಚದ ಮೇಲೆಯೇ. ಅದರ ಹಿಂದಿನ ಮಧ್ಯಾಹ್ನ, ಎರಡು ದಿನದಿಂದ ಮಾತಿಲ್ಲದೆ ಮಲಗಿದ್ದವಳು ಕಣ್ಣು ಬಿಟ್ಟಳು. ಮಗಳು ಅವಳ ಎದೆಯ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದಳು.

"ಮೂಗ ಒರಸ್ಕೋ."

ಇಂಚರಾ ಹೊದಿಕೆಯಾಗಿದ್ದ ಕೌದಿಯ ಅಂಚನ್ನೇ ಎಳೆದು ಮೂಗು ಒರೆಸಿಕೊಂಡಳು. ಶಾಂತಲಾಳ ಹುಬ್ಬು ಗಂಟಾದವು.

"ಕೌದಿ ಹೊಲಸ ಮಾಡಿದಿ. ಅದನ್ನ ಒಗಿಯಾವ್ರು ಯಾರು?"

"ನಾ ಒಗೀತೀನಿ."

"ನೀ ಒಗಿಯೂದು ನನಗ ಗೊತ್ತಿಲ್ಲೇನು."

ಒಗೆಯುತ್ತೇನೆ ಎಂದಳು ಇಂಚರಾ. ಒಗೆಯುವುದಿಲ್ಲ ಎಂದಳು ತಾಯಿ. ನೋಡುತ್ತಿರು ಎಂದಳು ಮಗಳು. ನೋಡಿದ್ದೇನೆ ಎಂದಳು ಶಾಂತಲಾ. ಅವಳಿಗೆ ಉಸಿರು ಇರುವಷ್ಟು ಹೊತ್ತು ಅದು ನಡೆಯಿತು.

ಮೂರು ದಿನದ ಕಾರ್ಯ ಮುಗಿದ ಮೇಲೆ ಅಜ್ಜಿ ಹಾಸಿಗೆ ಬಟ್ಟೆಗಳನ್ನೆಲ್ಲ ಒಟ್ಟು ಮಾಡಿದಳು. ಇಂಚರಾ ಕೌದಿಯನ್ನು ಕಿತ್ತುಕೊಂಡು ಹಿತ್ತಲಿನ ಕಲ್ಲಿನ ಮೇಲೆ ಹಾಕಿ ತಾನೇ ಒಗೆದಳು. ಯಾರಿಗೂ ಮುಟ್ಟಲು ಕೊಡಲಿಲ್ಲ. ಎರಡು ಸಲ ಸಾಬೂನು ಹಚ್ಚಿ, ತೋಳು ನೋಯುವವರೆಗೆ ಬಡಿದು, ನಾಲ್ಕು ನೀರು ತೆಗೆದು ಹಗ್ಗದ ಮೇಲೆ ಹರವಿದಳು. ಬಿಸಿಲಿಗೆ ನಿಂತು ನೋಡಿದಳು. ಕೌದಿ ಸ್ವಚ್ಛ ಆಗಿರಲಿಲ್ಲ, ಆ ಜಗಳವನ್ನೂ ಅವ್ವನೇ ಗೆದ್ದಿದ್ದಳು.